ಒಂದೇ ದುಡ್ಡಿಗೆ ಸೋನಿ ಆರ್‌ಎಕ್ಸ್100 ಮತ್ತು ಹಳೇ ನಿಕಾನ್ ಡಿ7000 ಎರಡೂ ಸಿಗುತ್ತಿವೆ, ಯಾವುದು ತಗೊಳ್ಳಲಿ?

ನೀವು ಕೇಳಿದ್ದು ಇಷ್ಟು. ಒಬ್ಬರು ಸೋನಿ ಆರ್‌ಎಕ್ಸ್100, ಮೊದಲನೇ ಮಾದರಿ, ಮಾರುತ್ತಿದ್ದಾರೆ. ಹೆಚ್ಚುಕಮ್ಮಿ ಅದೇ ದುಡ್ಡಿಗೆ ಇನ್ನೊಬ್ಬರ ಹತ್ತಿರ ನಿಕಾನ್ ಡಿ7000 ಇದೆ, ಜೊತೆಗೆ 18-105 ಲೆನ್ಸ್. ಮನೆಯಲ್ಲಿ ಎರಡು ವರ್ಷದ ಮಗಳು. ರಜೆ ಸಿಕ್ಕರೆ ಬೇಲೂರು, ಬಾದಾಮಿ ಕಡೆ ತಿರುಗಾಟ. ಊರು ಕುಂದಾಪುರದ ಹತ್ತಿರ ಆದ್ದರಿಂದ ರಾತ್ರಿ ಯಕ್ಷಗಾನದ ಆಟ ನೋಡುವುದೂ ಇದೆ. ಜೇಬಿನ ಕ್ಯಾಮೆರಾ ಸಾಕೋ, ಹಳೇ ಡಿಎಸ್‌ಎಲ್‌ಆರ್ ಹೊರಲೋ?

ನಿಮಗಾದರೆ ನಾನು ಡಿ7000 ಅನ್ನುತ್ತೇನೆ. ಆದರೆ ಒಂದು ಷರತ್ತು. ಈಗಲ್ಲದಿದ್ದರೂ ಕೆಲವು ತಿಂಗಳಲ್ಲಿ ಅದಕ್ಕೊಂದು 35 ಎಂಎಂ ಎಫ್ 1.8 ಲೆನ್ಸ್ ಕೊಳ್ಳುವ ಮನಸ್ಸಿರಬೇಕು. "ಬರುವ ಲೆನ್ಸ್ ಸಾಕು, ಇನ್ನು ಖರ್ಚು ಬೇಡ" ಅನ್ನುವುದಾದರೆ ಕಣ್ಣು ಮುಚ್ಚಿ ಆರ್‌ಎಕ್ಸ್100 ತೆಗೆದುಕೊಳ್ಳಿ. ವಿಚಿತ್ರ ಅನ್ನಿಸಬಹುದು. ಕಾರಣ ಹೇಳುತ್ತೇನೆ.

ಈ ಪ್ರಶ್ನೆ ಬಂದಾಗ ಎಲ್ಲರೂ ಸೆನ್ಸರ್ ಅಳತೆ ಹೇಳಿ ಸುಮ್ಮನಾಗುತ್ತಾರೆ. ಡಿ7000ದ ಸೆನ್ಸರ್ 23.6 × 15.6 ಮಿಲಿಮೀಟರ್. ಆರ್‌ಎಕ್ಸ್100ದ್ದು 13.2 × 8.8. ಲೆಕ್ಕ ಹಾಕಿದರೆ ನಿಕಾನ್‌ದು ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ದೊಡ್ಡದು. ಅಲ್ಲಿಗೆ ಡಿಎಸ್‌ಎಲ್‌ಆರ್ ಗೆದ್ದಿತು ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಆ ಸೆನ್ಸರ್ ಮೇಲೆ ಬೆಳಕು ಬೀಳಿಸುವುದು ಲೆನ್ಸ್ ತಾನೆ? ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದು ಹೆಚ್ಚು ಬೆಳಕು ಬಿಡುತ್ತದೆ. 18-105 ಲೆನ್ಸ್ ಅಗಲದ ತುದಿಯಲ್ಲಿ, ಅಂದರೆ ಝೂಮ್ ಮಾಡದಿದ್ದಾಗ, ತೆರೆಯುವುದು ಎಫ್ 3.5 ವರೆಗೆ. ಆರ್‌ಎಕ್ಸ್100ದ ಲೆನ್ಸ್ ಅಗಲದ ತುದಿಯಲ್ಲಿ ಎಫ್ 1.8 ವರೆಗೆ ತೆರೆಯುತ್ತದೆ. 3.5ಕ್ಕೂ 1.8ಕ್ಕೂ ನಡುವೆ ಬೆಳಕಿನಲ್ಲಿ ಸುಮಾರು 4 ಪಟ್ಟು ವ್ಯತ್ಯಾಸ. ದೊಡ್ಡ ಸೆನ್ಸರ್‌ನಿಂದ ಬಂದ ಲಾಭವನ್ನೆಲ್ಲ ಕಡಿಮೆ ತೆರೆಯುವ ಲೆನ್ಸ್ ತಿಂದುಹಾಕಿತು. ಅಂದರೆ ಬೇಲೂರಿನ ಗುಡಿಯ ಒಳಗೆ, ಆ ಕತ್ತಲ ನವರಂಗದಲ್ಲಿ ನಿಂತು ಕಂಬಗಳನ್ನೂ ಮೇಲಿನ ಭುವನೇಶ್ವರಿಯನ್ನೂ (ಕೆತ್ತನೆಯ ಚಾವಣಿ) ಅಗಲವಾಗಿ ಹಿಡಿಯುವಾಗ ಜೇಬಿನ ಕ್ಯಾಮೆರಾ ಈ ಡಿಎಸ್‌ಎಲ್‌ಆರ್‌ಗೆ ಸಮ, ಒಂದು ಕೂದಲೆಳೆ ಮುಂದೆಯೇ ಇರಬಹುದು. ತೂಕ? ಆರ್‌ಎಕ್ಸ್100 ಬ್ಯಾಟರಿ ಸೇರಿ 240 ಗ್ರಾಂ. ಡಿ7000 ಬ್ಯಾಟರಿ ಸೇರಿ 780 ಗ್ರಾಂ, ಅದರ ಮೇಲೆ ಲೆನ್ಸ್ 420 ಗ್ರಾಂ. ಒಟ್ಟು ಒಂದೂಕಾಲು ಕೆಜಿ ಹತ್ತಿರ ಹತ್ತಿರ.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಹಾಕಲು ಅನುಮತಿ ಬೇಕು, ಸುಮ್ನೆ ಹೋಗಿ ನಿಲ್ಲಿಸುವ ಹಾಗಿಲ್ಲ. ಹಾಗಾಗಿ ಕೈಯಲ್ಲೇ ಹಿಡಿದು ತೆಗೆಯಬೇಕು. ಅದಕ್ಕೆ ಎರಡರಲ್ಲೂ ಕೈನಡುಕ ತಡೆಯುವ ವ್ಯವಸ್ಥೆ ಇದೆ. ಕಲ್ಲು ಅಲುಗಾಡುವುದಿಲ್ಲವಲ್ಲ, ಉಸಿರು ಬಿಗಿಹಿಡಿದು ನಿಧಾನ ಶಟರ್‌ನಲ್ಲಿ ತೆಗೆದರೆ ಚಿತ್ರ ಚೆನ್ನಾಗಿಯೇ ಬರುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಬೇಲೂರು, ಬಾದಾಮಿ ಮಾತ್ರ ಇದ್ದಿದ್ದರೆ ನಾನು ಡಿಎಸ್‌ಎಲ್‌ಆರ್ ಹೆಸರೇ ಎತ್ತುತ್ತಿರಲಿಲ್ಲ. ಒಂದು ವಿಷಯ ಬಿಟ್ಟರೆ. ಬೇಲೂರಿನ ಮದನಿಕೆಯರು ಹೊರಗೋಡೆಯ ಮೇಲ್ಗಡೆ, ಸೂರಿನ ಕೆಳಗೆ ಇದ್ದಾರೆ. ಅವರನ್ನು ಹತ್ತಿರಕ್ಕೆ ಎಳೆಯಲು ಝೂಮ್ ಬೇಕು. ಆರ್‌ಎಕ್ಸ್100 ಎಳೆಯುವುದು ಹಳೇ ಫಿಲ್ಮ್ ಕ್ಯಾಮೆರಾದ ಅಳತೆಯಲ್ಲಿ 100 ಎಂಎಂ ಲೆಕ್ಕಕ್ಕೆ. 18-105 ಲೆನ್ಸ್ ಡಿ7000 ಮೇಲೆ ಕೂತರೆ ಅದೇ ಲೆಕ್ಕದಲ್ಲಿ ಸುಮಾರು 157ರ ವರೆಗೆ ಹೋಗುತ್ತದೆ.

ಈಗ ಮಗಳ ವಿಷಯಕ್ಕೆ ಬರೋಣ. ನಿಜವಾದ ತೀರ್ಮಾನ ಆಗುವುದು ಇಲ್ಲೇ.

ಎರಡು ವರ್ಷದ ಮಗು ಒಂದು ಕಡೆ ಕೂರುವುದಿಲ್ಲ. ಚಿತ್ರ ತೆಗೆಯುವುದು ಜಾಸ್ತಿ ಸಂಜೆ ಹೊತ್ತು, ಮನೆಯೊಳಗೆ, ಒಂದು ಟ್ಯೂಬ್‌ಲೈಟ್ ಬೆಳಕಲ್ಲಿ. ಇಲ್ಲಿ ಕೈನಡುಕ ತಡೆದು ಪ್ರಯೋಜನವಿಲ್ಲ, ಅಲುಗಾಡುತ್ತಿರುವುದು ನಿಮ್ಮ ಕೈಯಲ್ಲ. ಬೇಕಾಗಿರುವುದು ವೇಗದ ಶಟರ್. ಕೊನೇಪಕ್ಷ ಸೆಕೆಂಡಿನ 1/200. ಆರ್‌ಎಕ್ಸ್100ದಲ್ಲಿ ಮುಖ ತುಂಬಿಕೊಳ್ಳಲು ಸ್ವಲ್ಪ ಝೂಮ್ ಮಾಡಿದ ಕೂಡಲೇ ಆ ಎಫ್ 1.8 ಕೈಬಿಟ್ಟು ಹೋಗುತ್ತದೆ. 50 ಎಂಎಂ ಲೆಕ್ಕಕ್ಕೆ ಬರುವಷ್ಟರಲ್ಲಿ ಎಫ್ 3ರ ಆಸುಪಾಸಿಗೆ ಇಳಿದಿರುತ್ತದೆ, ತುದಿಯಲ್ಲಿ ಎಫ್ 4.9. ಅದೇ ಡಿ7000 ಮೇಲೆ 35 ಎಂಎಂ ಎಫ್ 1.8 ಹಾಕಿದರೆ ಸುಮಾರು 50ರ ಅದೇ ನೋಟ ಪೂರ್ತಿ 1.8ರಲ್ಲಿ ಸಿಗುತ್ತದೆ, ಮೂರು ಪಟ್ಟು ದೊಡ್ಡ ಸೆನ್ಸರ್ ಮೇಲೆ. ಎರಡೂ ಸೇರಿದರೆ ಒಟ್ಟು ಬೆಳಕು ಸುಮಾರು 8 ಪಟ್ಟು. ಒಂದರಲ್ಲಿ 1/30ಕ್ಕೆ ಬರುವ ಚಿತ್ರ ಇನ್ನೊಂದರಲ್ಲಿ ಅಷ್ಟೇ ಕಾಳುಕಾಳಾಗಿ 1/250ಕ್ಕೆ ಬರುತ್ತದೆ. 1/30ರಲ್ಲಿ ಮಗುವಿನ ಕೈ ಕಲಸಿಹೋಗಿರುತ್ತದೆ. 1/250ರಲ್ಲಿ ಬೆರಳು ಎಣಿಸಬಹುದು.

ಫೋಕಸ್ ಕೂಡ ಹಾಗೇ. ಆರ್‌ಎಕ್ಸ್100 ಬಂದದ್ದು 2012ರಲ್ಲಿ. ಅದು ಫೋಕಸ್ ಹುಡುಕುವುದು ಕಾಂಟ್ರಾಸ್ಟ್ ನೋಡಿ. ಲೆನ್ಸನ್ನು ಆಚೀಚೆ ಓಡಿಸಿ, ಎಲ್ಲಿ ಚೂಪು ಅಂತ ನೋಡಿ ನಿಲ್ಲಿಸುತ್ತದೆ. ನಿಂತವರಿಗೆ ಸಾಕು. ನಿಮ್ಮ ಕಡೆಗೇ ಓಡಿ ಬರುವ ಮಗುವಿಗೆ ಸಾಲದು. ಡಿ7000 ಅದಕ್ಕಿಂತ ಎರಡು ವರ್ಷ ಹಳೆಯದು, 2010ರದ್ದು. ಆದರೂ ಅದರೊಳಗೆ ಫೋಕಸ್‌ಗೆಂದೇ ಬೇರೆ ಸೆನ್ಸರ್ ಇದೆ, 39 ಬಿಂದುಗಳು. ಯಾವ ದಿಕ್ಕಿಗೆ, ಎಷ್ಟು ದೂರ ಲೆನ್ಸ್ ತಿರುಗಬೇಕು ಅಂತ ಅದಕ್ಕೆ ಮೊದಲೇ ಗೊತ್ತಾಗುತ್ತದೆ. ಸೆಕೆಂಡಿಗೆ 6 ಚಿತ್ರ ತೆಗೆಯುತ್ತಾ ಪ್ರತಿ ಚಿತ್ರಕ್ಕೂ ಫೋಕಸ್ ಸರಿಮಾಡಿಕೊಳ್ಳುತ್ತದೆ. ಆರ್‌ಎಕ್ಸ್100 ಸೆಕೆಂಡಿಗೆ 10 ತೆಗೆಯುತ್ತದೆ ಅಂತ ಜಾಹೀರಾತಲ್ಲಿ ಓದಿರಬಹುದು. ಆ ವೇಗದಲ್ಲಿ ಫೋಕಸ್ ಮೊದಲ ಚಿತ್ರಕ್ಕೇ ನಿಂತುಬಿಡುತ್ತದೆ.

ಒಂದು ಎಚ್ಚರಿಕೆ. ಎಫ್ 1.8ರಲ್ಲಿ ಹತ್ತಿರದಿಂದ ತೆಗೆದರೆ ಒಂದು ಕಣ್ಣು ಚೂಪಾಗಿ, ಇನ್ನೊಂದು ಮಸುಕಾಗಿ ಬರಬಹುದು. ಎಫ್ 2.5 ಆಸುಪಾಸಿಗೆ ಇಟ್ಟುಕೊಳ್ಳಿ. ಆಗಲೂ ಲಾಭ ಸಾಕಷ್ಟು ಉಳಿಯುತ್ತದೆ.

"ಫೋನ್ ಇದೆಯಲ್ಲ" ಅಂತ ಯಾರಾದರೂ ಕೆಳಗೆ ಬರೆದೇ ಬರೆಯುತ್ತಾರೆ. ನಿಜ, ಈಗಿನ ಒಳ್ಳೆಯ ಫೋನಿನ ನೈಟ್ ಮೋಡ್ ಹಲವು ಚಿತ್ರ ಸೇರಿಸಿ ಒಂದು ಮಾಡುತ್ತದೆ. ಅಲುಗಾಡದ ವಸ್ತುವಿಗೆ ಅದು ಅದ್ಭುತ. ಮಗುವಿಗೆ ಅಲ್ಲ. ಹಾಗೇ, ಆರ್‌ಎಕ್ಸ್100 ಅಲ್ಲದ ಮಾಮೂಲಿ ಸಣ್ಣ ಕಾಂಪ್ಯಾಕ್ಟ್ ಯಾರಾದರೂ ತೋರಿಸಿದರೆ ಬೇಡ ಅನ್ನಿ. ಅವುಗಳ ಸೆನ್ಸರ್ ಆರ್‌ಎಕ್ಸ್100ದ ಕಾಲು ಭಾಗ. ಕಾಲೇಜು ಹುಡುಗರು ಈಗ ಅವನ್ನು ಫ್ಯಾಷನ್‌ಗೆ ಹುಡುಕಿ ಕೊಳ್ಳುತ್ತಿದ್ದಾರೆ, ಬೆಲೆಯೂ ಏರಿದೆ. ನಿಮ್ಮ ಕೆಲಸಕ್ಕೆ ಆಗುವುದಿಲ್ಲ.

ಇನ್ನು ಆಟ. ನನಗೂ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಬರೆದರೆ ಕ್ಷಮಿಸಿ. ರಂಗಸ್ಥಳದಲ್ಲಿ ವೇಷಧಾರಿ ಧೀಂಗಿಣ (ಸುತ್ತುತ್ತಾ ಹಾರುವ ಕುಣಿತ) ಹಾಕುವಾಗ ಹಿಡಿಯಬೇಕಾದರೆ 1/250ಕ್ಕೂ ಮೇಲೆ ಬೇಕು. ಹಿಂದಿನ ಸಾಲಲ್ಲಿ ಕೂತು 18-105ರ ತುದಿಗೆ ಎಳೆದರೆ ಎಫ್ 5.6. ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವನ್ನು, ಅಂದರೆ ಐಎಸ್‌ಒ, 3200, 6400 ಅಂತ ಏರಿಸಬೇಕಾಗುತ್ತದೆ. ಡಿ7000 ಅಷ್ಟಕ್ಕೆ ಒದ್ದಾಡಿಕೊಂಡು ಒಗ್ಗುತ್ತದೆ. ಆರ್‌ಎಕ್ಸ್100ದಲ್ಲಿ ಕಿರೀಟದ ಹೊಳಪು ಉಳಿಯುತ್ತದೆ, ಮುಖದ ಬಣ್ಣದ ಸೂಕ್ಷ್ಮ ಗೆರೆಗಳು ಹೋಗುತ್ತವೆ. ಮುಂದಿನ ಸಾಲಲ್ಲಿ ಜಾಗ ಸಿಕ್ಕರೆ 50 ಎಂಎಂ ಎಫ್ 1.8 ಇನ್ನೂ ಚೆನ್ನ. ಹಳೆಯ 50 ಎಂಎಂ 1.8ಡಿ ಅಂತ ಒಂದಿದೆ, ಅಗ್ಗ. ನಿಕಾನ್‌ನ ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಅದು ತಾನಾಗಿ ಫೋಕಸ್ ಆಗುವುದಿಲ್ಲ, ಏಕೆಂದರೆ ಅವುಗಳ ಒಳಗೆ ಮೋಟಾರ್ ಇಲ್ಲ. ಡಿ7000ದಲ್ಲಿ ಇದೆ. ಈ ಕಾರಣಕ್ಕೇ ಅದೇ ಬೆಲೆಗೆ ಡಿ5100 ಸಿಕ್ಕರೂ ನಾನು ಡಿ7000 ಅನ್ನುತ್ತೇನೆ.

ಚಿತ್ರದಲ್ಲಿ ಅಡ್ಡ ಪಟ್ಟೆಗಳು ಬಂದರೆ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಆದ್ದರಿಂದ ಟ್ಯೂಬ್‌ಲೈಟ್, ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ವೇಗದ ಶಟರ್‌ಗೆ ಕಾಣುತ್ತದೆ. 1/100ಕ್ಕೆ ಇಳಿಸಿದರೆ ಪಟ್ಟೆ ಹೋಗುತ್ತದೆ. ಆಗ ಕುಣಿತ ಬಿಟ್ಟು, ಅರ್ಥ (ಮಾತು) ಹೇಳುತ್ತಾ ನಿಂತ ಗಳಿಗೆಯನ್ನು ಹಿಡಿಯಬೇಕು.

ಆದರೆ ವೇಷ ಕಟ್ಟುವ ಚೌಕಿಯಲ್ಲಿ ಲೆಕ್ಕ ಉಲ್ಟಾ. ಕನ್ನಡಿ ಮುಂದೆ ಕೂತು ಬಣ್ಣ ಬರೆದುಕೊಳ್ಳುವವರ ಪಕ್ಕ ಕರೀ ದೊಡ್ಡ ಕ್ಯಾಮೆರಾ ಹಿಡಿದು ಟಕ್ ಟಕ್ ಅನ್ನಿಸಿದರೆ ಅವರಿಗೂ ಕಿರಿಕಿರಿ, ನಮಗೂ ಮುಜುಗರ. ಆರ್‌ಎಕ್ಸ್100ದ ಶಟರ್ ಲೆನ್ಸ್ ಒಳಗೇ ಇರುವ ಎಲೆ ಶಟರ್. ಬೀಪ್ ಆಫ್ ಮಾಡಿದರೆ ಸದ್ದೇ ಇಲ್ಲ ಅನ್ನಬಹುದು. ಅಗಲದ ತುದಿಯಲ್ಲಿ 5 ಸೆಂಟಿಮೀಟರ್‌ವರೆಗೂ ಹತ್ತಿರ ಹೋಗಿ ಫೋಕಸ್ ಮಾಡುತ್ತದೆ. ಕೇಳಿಕೊಂಡೇ ತೆಗೆಯಿರಿ, ಅದು ಬೇರೆ ಮಾತು. ದೊಡ್ಡ ಕ್ಯಾಮೆರಾ ಕಂಡರೆ ಕೆಲವು ಪಾರ್ಕು, ಮಾಲ್‌ಗಳಲ್ಲಿ ಸೆಕ್ಯೂರಿಟಿಯವರೂ ತಡೆಯುತ್ತಾರೆ. ಮೊಬೈಲ್ ಹಿಡಿದು ಗಂಟೆಗಟ್ಟಲೆ ವಿಡಿಯೊ ಮಾಡುವವರಿಗೆ ಏನೂ ಅನ್ನುವುದಿಲ್ಲ! ಈ ತಲೆನೋವು ಸಣ್ಣ ಕ್ಯಾಮೆರಾಕ್ಕೆ ಇಲ್ಲ.

ನನ್ನ ಹತ್ತಿರ ಎರಡೂ ಬಗೆ ಇವೆ. ಸಣ್ಣದು ಆಫೀಸ್ ಬ್ಯಾಗಿನಲ್ಲೇ ಇರುತ್ತದೆ, ದೊಡ್ಡದು ತೆಗೆಯಬೇಕು ಅಂತ ತೀರ್ಮಾನಿಸಿದ ದಿನ ಮಾತ್ರ ಹೊರಗೆ ಬರುತ್ತದೆ. "ಜೊತೆಯಲ್ಲಿರುವ ಕ್ಯಾಮೆರಾವೇ ಒಳ್ಳೆಯ ಕ್ಯಾಮೆರಾ" ಅಂತ ಹೇಳುವುದು ಕೇಳಿರುತ್ತೀರಿ. ತಿರುಗಾಟಕ್ಕೆ ಅದು ಸರಿ. ಮಗು ಇರುವುದು ಮನೆಯಲ್ಲಿ, ಕ್ಯಾಮೆರಾ ಇರುವುದೂ ಮನೆಯಲ್ಲಿ. ಅಲ್ಲಿ ತೂಕದ ಪ್ರಶ್ನೆ ಎಲ್ಲಿಂದ ಬಂತು? ಮೇಜಿನ ಮೇಲೆ, ಕೈಗೆ ಸಿಗುವ ಹಾಗೆ, 35 ಎಂಎಂ ಹಾಕಿ ಇಟ್ಟಿರಿ.

ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಅನ್ನುವ ಮಾತಿಗೆ ಹೆದರಬೇಡಿ. ನಿಕಾನ್ ಕೊನೆಯದಾಗಿ ತಂದ ಡಿಎಸ್‌ಎಲ್‌ಆರ್ ಡಿ6, ಅದು 2020ರಲ್ಲಿ. ಹೊಸದು ಬರದಿದ್ದರೆ ನಮಗೇನು ನಷ್ಟ? ಎಲ್ಲರೂ ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಮಿರರ್‌ಲೆಸ್‌ಗೆ ಹೋಗುತ್ತಾ ಹಳೆಯ ಲೆನ್ಸ್ ಮಾರುತ್ತಿದ್ದಾರೆ, ಕೊಳ್ಳುವ ನಮಗೆ ಒಳ್ಳೆಯದೇ.

ದುಡ್ಡು ಕೊಡುವ ಮೊದಲು ನೋಡಬೇಕಾದ್ದು ಇದೆ. ಡಿ7000ದಲ್ಲಿ ಒಂದು ಚಿತ್ರ ತೆಗೆದು ಆ ಫೈಲ್ ನಿಮ್ಮ ಕಂಪ್ಯೂಟರ್‌ಗೆ ಹಾಕಿಕೊಳ್ಳಿ. ಶಟರ್ ಎಷ್ಟು ಸಲ ಬಿದ್ದಿದೆ ಅನ್ನುವುದು ಆ ಫೈಲ್ ಒಳಗೇ ಬರೆದಿರುತ್ತದೆ, ಓದುವ ಉಚಿತ ಸಾಫ್ಟ್‌ವೇರ್ ಬೇಕಾದಷ್ಟಿವೆ. ಈ ಕ್ಯಾಮೆರಾದ ಶಟರನ್ನು ಕಂಪನಿ 1,50,000 ಸಲಕ್ಕೆ ಪರೀಕ್ಷಿಸಿದೆ. 40-50 ಸಾವಿರದೊಳಗೆ ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಒಂದು ಲಕ್ಷ ದಾಟಿದ್ದರೆ ಬೆಲೆ ಇಳಿಸಲು ಕೇಳಿ. ಆಮೇಲೆ ಲೆನ್ಸ್ ಕಳಚಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಒಳಗೆ ಜೇಡರ ಬಲೆಯ ಎಳೆಗಳ ಹಾಗೆ ಕಂಡರೆ ಫಂಗಸ್. ನಮ್ಮ ಕರಾವಳಿ, ಮಲೆನಾಡಿನಲ್ಲಿ ಕೈ ಬದಲಾಯಿಸುವ ಲೆನ್ಸ್‌ಗಳಲ್ಲಿ ಇದನ್ನು ನೋಡದೆ ಕೊಳ್ಳಲೇಬಾರದು.

ಆರ್‌ಎಕ್ಸ್100 ನೋಡುವುದಾದರೆ ಹತ್ತಾರು ಸಲ ಆನ್-ಆಫ್ ಮಾಡಿ. ಲೆನ್ಸ್ ಹೊರಗೆ ಬರುವಾಗ ತಡವರಿಸಿದರೆ, ಕರಕರ ಸದ್ದು ಬಂದರೆ ಬಿಟ್ಟುಬಿಡಿ. ಆಮೇಲೆ ಬಿಳಿ ಗೋಡೆಯನ್ನು ಎಫ್ 11ರಲ್ಲಿ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆಗಳಿದ್ದರೆ ಸೆನ್ಸರ್ ಮೇಲೆ ಧೂಳು. ಡಿಎಸ್‌ಎಲ್‌ಆರ್‌ನಲ್ಲಿ ಅದನ್ನು ಲೆನ್ಸ್ ಕಳಚಿ ಒರೆಸಬಹುದು, ಇದರಲ್ಲಿ ಕ್ಯಾಮೆರಾವನ್ನೇ ಬಿಚ್ಚಬೇಕು. ನನ್ನ ಸಣ್ಣ ಕ್ಯಾಮೆರಾಕ್ಕೆ ಹೀಗೇ ಧೂಳು ಸೇರಿದಾಗ ರಿಪೇರಿಯವರು ಹೇಳಿದ ಬೆಲೆಗೆ ಇನ್ನೊಂದು ಅರ್ಧ ಕ್ಯಾಮೆರಾ ಬರುತ್ತಿತ್ತು. ಚುಕ್ಕೆ ಸಮೇತ ಬಳಸುತ್ತಿದ್ದೇನೆ. ಬ್ಯಾಟರಿ ಮಾತ್ರ ಚಿಂತೆಯಿಲ್ಲ, ಅದೇ ಬ್ಯಾಟರಿಯನ್ನು ಸೋನಿ ಮುಂದಿನ ಹಲವು ಮಾದರಿಗಳಿಗೂ ಬಳಸಿದೆ, ಸುಲಭವಾಗಿ ಸಿಗುತ್ತದೆ.

ಇವೆರಡರಲ್ಲೂ ವೈಫೈ ಇಲ್ಲ. ಅಜ್ಜಿಗೆ ವಾಟ್ಸಾಪ್ ಮಾಡಬೇಕಾದರೆ ಫೋನಿಗೆ ಚುಚ್ಚುವ ಕಾರ್ಡ್ ರೀಡರ್ ಒಂದು ಬೇಕು. ಇನ್ನೂ ಒಂದು ಡಬ್ಬಿ ಬೇಕು. ಕ್ಯಾಮೆರಾ ಬ್ಯಾಗಿನಲ್ಲಿಟ್ಟು ಬ್ಯಾಗನ್ನು ಬೀರುವಿನಲ್ಲಿಡಬೇಡಿ, ನಿಮ್ಮೂರ ಮಳೆಗಾಲಕ್ಕೆ ಅದಕ್ಕಿಂತ ಬೇಗ ಫಂಗಸ್ ಬೆಳೆಸುವ ಜಾಗ ಇಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಬಣ್ಣದ ಜೆಲ್ ಆದರೆ ಗುಲಾಬಿಗೆ ತಿರುಗಿದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ಅಡಿಗೆ ಪಾತ್ರೆಯಲ್ಲಿ ಬಿಸಿ ಮಾಡಬೇಡಿ.

ಮಾರುವವರು ಒಪ್ಪಿದರೆ ಒಂದು ಸಂಜೆ ಎರಡೂ ಕ್ಯಾಮೆರಾ ಮನೆಗೆ ತಂದು ಮಗಳ ಹಿಂದೆ ಓಡಿ ನೋಡಿ. 35 ಎಂಎಂ ಯಾರ ಹತ್ತಿರವಾದರೂ ಎರವಲು ಸಿಗುತ್ತದಾ ಕೇಳಿ. ಡಿ7000ದ ಶಟರ್ ಎಣಿಕೆ ಎಷ್ಟು ಬಂತು, ಅವರು ಹೇಳುತ್ತಿರುವ ಬೆಲೆ ಎಷ್ಟು ಅಂತ ಕೆಳಗೆ ಬರೆಯಿರಿ. ಅದು ನ್ಯಾಯವಾದ ಬೆಲೆಯೋ ಅಲ್ಲವೋ ಹೇಳುತ್ತೇನೆ.