ಅಳಿಲು ಮರಿ ಸತ್ತಿದ್ದು ಹಾಲಿನಿಂದಲಾ ಡಾಕ್ಟ್ರೇ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ ತೋಟದ ಮನೆ. ಹೋದ ತಿಂಗಳು ನಮ್ಮ ಬೆಕ್ಕು ಒಂದು ಅಳಿಲು ಮರಿಯನ್ನು ಕಚ್ಚಿಕೊಂಡು ಜಗುಲಿಗೆ ಬಂತು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬಿಡಿಸಿಕೊಂಡೆ. ಗಾಯ ಏನೂ ಕಾಣಲಿಲ್ಲ. ದನದ ಹಾಲಿಗೆ ನೀರು ಬೆರೆಸಿ, ಹತ್ತಿ ಅದ್ದಿ ಕುಡಿಸಿದೆ. ಎರಡು ದಿನ ಚುರುಕಾಗಿತ್ತು. ಮೂರನೇ ದಿನ ಬೆಳಿಗ್ಗೆ ಸತ್ತಿತ್ತು. ಹಾಲು ಕೊಟ್ಟಿದ್ದೇ ತಪ್ಪು ಅಂತಾರೆ ಮನೆಯವರು. ಹೌದಾ ಡಾಕ್ಟ್ರೇ?

ಉತ್ತರ: ಹಾಲಿಗಿಂತ ಮೊದಲು ನನಗೆ ಬೆಕ್ಕಿನ ಹಲ್ಲಿನ ಮೇಲೆ ಅನುಮಾನ, ತಂಗಿ. ಅದರ ಕೋರೆಹಲ್ಲು ಸೂಜಿ ಇದ್ದ ಹಾಗೆ. ಚುಚ್ಚಿದ ತೂತು ಬೇಗ ಮುಚ್ಚಿಕೊಳ್ಳುತ್ತದೆ. ರೋಮ ಸರಿಸಿ ನೋಡಿದರೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ, ಅಷ್ಟೇ. ಆದರೆ ಬೆಕ್ಕಿನ ಬಾಯಲ್ಲಿರುವ ಬ್ಯಾಕ್ಟೀರಿಯಾ ಒಳಗೆ ಸೇರಿ ಮೈಯೆಲ್ಲ ನಂಜಾಗುತ್ತದೆ. ಎರಡು ದಿನ ಚೆನ್ನಾಗಿದ್ದ ಮರಿ ಇದ್ದಕ್ಕಿದ್ದಂತೆ ಹೋಗಿಬಿಡುವುದು ಹೀಗೆ. ಅವತ್ತೇ ಆಂಟಿಬಯೋಟಿಕ್ ಬೀಳಬೇಕು. ಹಾಗಾಗಿ ಬೆಕ್ಕಿನ ಬಾಯಿಂದ ಬಿಡಿಸಿದ್ದು ಏನೇ ಇರಲಿ, ಗಾಯ ಕಾಣದಿದ್ದರೂ ಪಶು ಆಸ್ಪತ್ರೆಗೆ ತನ್ನಿ.

ಹಾಗಂತ ದನದ ಹಾಲು ಬೇಡ. ಭೇದಿ ಶುರುವಾದರೆ ಅಂಗೈಯಷ್ಟಿಲ್ಲದ ಜೀವ ತಡೆಯುವುದಿಲ್ಲ. ಮೊದಲು ಕೊಡಬೇಕಾದ್ದು ಬಿಸಿ. ಮೈ ತಣ್ಣಗಿರುವ ಮರಿಗೆ ಏನು ಕುಡಿಸಿದರೂ ಅರಗುವುದಿಲ್ಲ. ಬಾಟಲಿಗೆ ಬಿಸಿನೀರು ತುಂಬಿ, ಹಳೆ ಪಂಚೆ ಸುತ್ತಿ ರಟ್ಟಿನ ಪೆಟ್ಟಿಗೆಯ ಒಂದು ಬದಿಗೆ ಇಡಿ. ಸೆಖೆಯಾದರೆ ಮರಿ ಇನ್ನೊಂದು ಬದಿಗೆ ಸರಿಯಲು ಜಾಗ ಇರಲಿ. ಮುಚ್ಚಳಕ್ಕೆ ತೂತು ಮಾಡಿ ಕತ್ತಲೆ ಕೋಣೆಯಲ್ಲಿಡಿ. ಮಕ್ಕಳು ಗಳಿಗೆಗೊಮ್ಮೆ ತೆರೆದು ನೋಡಬಾರದು.

ಬೆಕ್ಕು ಮುಟ್ಟದೆ, ಸುಮ್ನೆ ಗೂಡಿನಿಂದ ಬಿದ್ದ ಮರಿ ಆದರೆ ಇನ್ನೂ ಸುಲಭ. ಮೈ ಬೆಚ್ಚಗಾದ ಮೇಲೆ ಸಣ್ಣ ಬುಟ್ಟಿಯಲ್ಲಿಟ್ಟು ಅದೇ ಮರಕ್ಕೆ ಕಟ್ಟಿ, ಬೆಕ್ಕನ್ನು ಒಳಗೆ ಕೂಡಿ, ದೂರದಿಂದ ನೋಡಿ. ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗಬಹುದು. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ನಿಜವಲ್ಲ.

ನಿಮ್ಮ ಸಂಕಟ ನನಗೆ ಗೊತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕುಮಟಾದಲ್ಲಿ ಒಬ್ಬರು ಚೋರೆಹಕ್ಕಿಯೊಂದನ್ನು ತಂದಿದ್ದರು. ಗೋಡೆಗೆ ಬಡಿದು ಮಂಕಾಗಿತ್ತು. ಪಾಪ, ಬಾಯಾರಿದೆ ಅಂದುಕೊಂಡು ಕೊಕ್ಕು ಬಿಡಿಸಿ ನೀರು ಬಿಟ್ಟೆ. ಒಮ್ಮೆ ಕತ್ತು ಕೊಡವಿತು, ನನ್ನ ಅಂಗೈಯಲ್ಲೇ ಉಸಿರು ನಿಂತಿತು. ಹಕ್ಕಿಯ ನಾಲಿಗೆಯ ಬುಡದಲ್ಲಿ ಸಣ್ಣದೊಂದು ಸೀಳು ಇರುತ್ತದೆ, ಉಸಿರಾಡಿದ ಹಾಗೆ ತೆರೆದು ಮುಚ್ಚುತ್ತಾ ಇರುತ್ತದೆ. ನೀರು ಅಲ್ಲೇ ಇಳಿದಿತ್ತು. ಓದುವಾಗ ಕಲಿತದ್ದೇ, ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಅದನ್ನು ಸುಮ್ನೆ ಕತ್ತಲೆ ಪೆಟ್ಟಿಗೆಯಲ್ಲಿ ಒಂದು ತಾಸು ಬಿಟ್ಟಿದ್ದರೆ ಎದ್ದು ಹಾರುತ್ತಿತ್ತೋ ಏನೋ. ಹಕ್ಕಿಯ ಬಾಯಿಗೆ ನೀರು ಹಾಕಲೇಬೇಡಿ.

ಪ್ರಶ್ನೆ: ಸಿದ್ದಾಪುರ ಕಡೆಯವನು ನಾನು. ತೋಟದ ಅಂಚಿಗೆ ಮಂಗವೊಂದು ಬಿದ್ದಿತ್ತು, ಏಳಲು ಆಗುತ್ತಿರಲಿಲ್ಲ. ನೀರು ಕೊಡಲು ಹೊರಟವನನ್ನು ಅಮ್ಮ ಬಿಡಲಿಲ್ಲ. ಕೊನೆಗೆ ಸತ್ತೇಹೋಯಿತು. ಮನಸ್ಸಿಗೆ ಬಹಳ ಬೇಜಾರಾಗಿದೆ.

ಉತ್ತರ: ಅಮ್ಮ ಮಾಡಿದ್ದು ಸರಿ, ತಮ್ಮಾ. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದು ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇದು ನಮಗೆ ಅಂಟುವುದು ರಕ್ತ ಹೀರುವ ಉಣುಗು ಕಚ್ಚುವುದರಿಂದ. ಮಂಗ ಸತ್ತ ಮೇಲೆ ಮೈಮೇಲಿನ ಉಣುಗುಗಳು ಉದುರಿ ಸುತ್ತಲಿನ ದರಕಿನಲ್ಲಿ, ಅಂದರೆ ಒಣಗಿದ ಎಲೆಗಳಲ್ಲಿ, ಸೇರಿಕೊಳ್ಳುತ್ತವೆ. ಮರಿ ಉಣುಗು ಎಳ್ಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮಂಗ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಎಳೆದು ಹಾಕಬೇಡಿ, ನಾಯಿ ದನಗಳನ್ನೂ ಬಿಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿ, ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಈಗ ಒಂದಷ್ಟು ದಿನ ಆ ಜಾಗಕ್ಕೆ ದರಕು ಗುಡಿಸಲು ಯಾರೂ ಹೋಗುವುದು ಬೇಡ. ತೋಟಕ್ಕೆ ಹೋಗುವಾಗ ಕೈಕಾಲಿಗೆ ಉಣುಗು ಕಚ್ಚದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಮನೆಯಲ್ಲಿ ಯಾರಿಗಾದರೂ ಜ್ವರ, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕೂರದೆ ಆಸ್ಪತ್ರೆಗೆ ಹೋಗಿ. ಹೋದ ಕೂಡಲೇ ತೋಟದಲ್ಲಿ ಮಂಗ ಸತ್ತಿದ್ದನ್ನು ಹೇಳಿ.