ಮಣ್ಣಿಗೆ ಕೈ ಹಾಕಿಸುವ ಕಲೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ವಿಜ್ಞಾನ ಪ್ರದರ್ಶನದಲ್ಲಿ ಮಣ್ಣಿನ ಬಗ್ಗೆ ನಾವು ಹಾಕಿದ ಭಿತ್ತಿಪತ್ರಗಳ ಮುಂದೆ ಯಾರೂ ನಿಲ್ಲಲಿಲ್ಲ. ಜನರೇ ಕೈಯಾರೆ ಏನಾದರೂ ಮಾಡಿ ನೋಡುವಂಥ ಕಲಾಕೃತಿ ಬೇಕು. ಯಾವುದರಿಂದ ಶುರುಮಾಡೋಣ?
– ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ

ಹೆಂಟೆ ನೀರಿಗಿಳಿಯುವ ದೃಶ್ಯದಿಂದ ಶುರುಮಾಡಿ. ವರ್ಷವರ್ಷವೂ ಉಳುವ ಹೊಲದಿಂದ ಒಂದಿಷ್ಟು ಹೆಂಟೆ ತನ್ನಿ. ಹುಲ್ಲು ಬೆಳೆದು ಬಹುಕಾಲ ಯಾರೂ ಕೆದಕದ ಪಕ್ಕದ ಬದುವಿನಿಂದ ಇನ್ನೊಂದಿಷ್ಟು ತನ್ನಿ. ಜಾಲರಿ ಬುಟ್ಟಿಯಲ್ಲಿಟ್ಟು ಅವನ್ನು ನೀರಿಗೆ ಇಳಿಸುವ ಕೆಲಸ ನೋಡಲು ಬಂದವರದೇ ಆಗಲಿ. ಸಾಮಾನ್ಯವಾಗಿ ಉತ್ತ ಮಣ್ಣು ಕೆಲವೇ ನಿಮಿಷದಲ್ಲಿ ಕುಸಿದು ತಳ ಸೇರುತ್ತದೆ, ಬದುವಿನ ಮಣ್ಣು ಹಾಗೇ ನಿಂತಿರುತ್ತದೆ. ಒಣ ಹೆಂಟೆಯೊಳಕ್ಕೆ ನೀರು ನುಗ್ಗಿದಾಗ ರಂಧ್ರಗಳಲ್ಲಿದ್ದ ಗಾಳಿ ಒತ್ತಡಕ್ಕೆ ಸಿಕ್ಕಿ ಅದನ್ನು ಒಳಗಿನಿಂದಲೇ ಸಿಡಿಸುತ್ತದೆ. ಬೇರು, ಶಿಲೀಂಧ್ರದ ಎಳೆ, ಸೂಕ್ಷ್ಮಜೀವಿಗಳ ಅಂಟು ಇರುವ ಮಣ್ಣು ಆ ಒತ್ತಡವನ್ನು ತಾಳಿಕೊಳ್ಳುತ್ತದೆ.

ಇದನ್ನು ಕಲೆಯಾಗಿಸುವುದು ನೆರಳು. ಕತ್ತಲ ಮೂಲೆಯಲ್ಲಿ ತೊಟ್ಟಿಯನ್ನಿಟ್ಟು ಹಿಂದಿನಿಂದ ಒಂದೇ ಎಲ್‌ಇಡಿ ಬಿಂದುವಿನ ಬೆಳಕು ಹಾಯಿಸಿ. ದೀಪದಿಂದ ತೊಟ್ಟಿಗೆ 50 ಸೆಂ.ಮೀ., ದೀಪದಿಂದ ಗೋಡೆಗೆ 2.5 ಮೀಟರ್ ಇದ್ದರೆ ನೆರಳು ಐದು ಪಟ್ಟು ದೊಡ್ಡದಾಗುತ್ತದೆ. 2 ಸೆಂ.ಮೀ. ಹೆಂಟೆ ಗೋಡೆಯ ಮೇಲೆ ಅರ್ಧ ಗೇಣಿಗೆ ತುಸು ಕಡಿಮೆ ಅಗಲದ ಬಂಡೆಯಾಗಿ ಕುಸಿಯುತ್ತದೆ. ತೊಟ್ಟಿಯ ಬದಿಗಳು ಚಪ್ಪಟೆಯಾಗಿರಲಿ. ದುಂಡು ಜಾಡಿ ಮಸೂರದಂತೆ ವರ್ತಿಸಿ ಚಿತ್ರವನ್ನು ಕೆಡಿಸುತ್ತದೆ. ದೀಪದ ಮುಂದೆ ಹಾಲುಬಣ್ಣದ ಮುಚ್ಚಳವಿದ್ದರೆ ತೆಗೆದುಬಿಡಿ, ಇಲ್ಲವಾದರೆ ನೆರಳಿನ ಅಂಚು ಮಸುಕಾಗುತ್ತದೆ.

ಕೆಡುವುದು ಹೆಚ್ಚಾಗಿ ನಾಲ್ಕು ಕಡೆ. ಹೆಂಟೆಯಲ್ಲಿ ತೇವ ಉಳಿದಿದ್ದರೆ ಉತ್ತ ಮಣ್ಣೂ ಒಡೆಯದೆ ನಿಲ್ಲಬಹುದು. ನೆರಳಲ್ಲಿ ಹರಡಿ ಪೂರ್ತಿ ಒಣಗಿಸಿ. ಒಂದು ಮರಳು ಮಣ್ಣು, ಇನ್ನೊಂದು ಜೇಡಿಮಣ್ಣು ತಂದರೆ ಹೋಲಿಕೆಗೆ ಅರ್ಥವೇ ಇಲ್ಲ. ಮರಳು ಹೇಗೂ ಉದುರುತ್ತದೆ. ನೀರು ಗಡಸಾಗಿದ್ದರೆ ಅದರಲ್ಲಿನ ಕ್ಯಾಲ್ಸಿಯಂ ಜೇಡಿಕಣಗಳನ್ನು ಗುಂಪುಗೂಡಿಸುತ್ತದೆ; ಸೋಡಿಯಂ ಹೆಚ್ಚಿರುವ ಮಣ್ಣಿನಿಂದ ಏಳಬೇಕಾದ ಬಗ್ಗಡ ಏಳುವುದೇ ಇಲ್ಲ. ಮಳೆನೀರು ಅಥವಾ ಭಟ್ಟಿ ಇಳಿಸಿದ ನೀರು ಬಳಸಿ. ಕೊನೆಯದು, ನೀರನ್ನು ಬದಲಾಯಿಸದೇ ಬಿಡುವುದು. ಕೆಲವರು ಬಂದುಹೋಗುವಷ್ಟರಲ್ಲಿ ನೀರು ಕದಡಿ ಗೋಡೆಯ ಮೇಲೆ ಏನೂ ಕಾಣದಾಗುತ್ತದೆ. ಎರಡು ತೊಟ್ಟಿ ಇಟ್ಟುಕೊಂಡು ಸರದಿಯಂತೆ ತೊಳೆಯಿರಿ.

ಮಣ್ಣಿನಿಂದ ಬಣ್ಣ ತಯಾರಿಸಿ ಊರವರಿಂದ ಗೋಡೆಚಿತ್ರ ಬರೆಸಿದೆವು. ಒಣಗಿದ ಮೇಲೆ ಕೆಲವು ಬಣ್ಣ ಪುಡಿಯಾಗಿ ಉದುರಿದವು, ಕೆಲವು ಬಿರುಕು ಬಿಟ್ಟವು. ಏನು ತಪ್ಪಾಯಿತು?
– ಚಿತ್ರಕಲಾ ವಿದ್ಯಾರ್ಥಿ

ಉದುರಿದ್ದಕ್ಕೆ ಕಾರಣ ಅಂಟು ಸಾಲದಿರುವುದು ಅಥವಾ ಮರಳು ಉಳಿದಿರುವುದು. ಬಿರುಕಿಗೆ ಕಾರಣ ದಪ್ಪಗೆ ಬಳಿದ ಜೇಡಿ ಒಣಗುವಾಗ ಕುಗ್ಗುವುದು, ಇಲ್ಲವೇ ಅಂಟು ಅತಿಯಾಗಿರುವುದು.

ಒಣಗಿದ ಮಣ್ಣನ್ನು ಕುಟ್ಟಿ 2 ಮಿ.ಮೀ. ಜರಡಿ ಹಿಡಿಯಿರಿ. ಜಾಡಿಯಲ್ಲಿ 10 ಸೆಂ.ಮೀ. ಎತ್ತರಕ್ಕೆ ನೀರು ತುಂಬಿ, ಮಣ್ಣು ಹಾಕಿ ಚೆನ್ನಾಗಿ ಕುಲುಕಿ, ಒಂದು ನಿಮಿಷ ಬಿಡಿ. ಅಷ್ಟರಲ್ಲಿ ಮರಳು ತಳಕ್ಕಿಳಿದಿರುತ್ತದೆ. ಮೇಲಿನ ಬಗ್ಗಡವನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಒಂದೆರಡು ದಿನ ಕದಡದೆ ಇಟ್ಟು, ತಿಳಿನೀರು ಚೆಲ್ಲಿ, ತಳದ ಕೆಸರನ್ನು ಒಣಗಿಸಿ ಪುಡಿಮಾಡಿ. ಅಂಟಿಗೆ ಒಂದು ಭಾಗ ಅರೇಬಿಕ್ ಗೋಂದನ್ನು ಎರಡು ಭಾಗ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಬಟ್ಟೆಯಲ್ಲಿ ಸೋಸಿ. ಪುಡಿ ಮತ್ತು ಅಂಟನ್ನು ಸಮಸಮ ಬೆರೆಸಿ ಕಾಗದದ ಚೂರಿಗೆ ತೆಳ್ಳಗೆ ಬಳಿದು ನೋಡಿ. ಒಣಗಿದ ಮೇಲೆ ಬೆರಳಿಗೆ ಹತ್ತಿದರೆ ಗೋಂದು ಹೆಚ್ಚಿಸಿ. ಹೊಳೆದು ಸಿಪ್ಪೆ ಎದ್ದರೆ ಪುಡಿ ಹೆಚ್ಚಿಸಿ. ಈ ಗೋಂದು ನೀರಿಗೆ ಕರಗುವುದರಿಂದ ಇದು ಒಳಗೋಡೆಗೆ, ಕಾಗದಕ್ಕೆ ಮಾತ್ರ.

ಇಷ್ಟಾದರೆ ಚಿತ್ರವಾಯಿತು, ಮಣ್ಣಿನ ವಿಜ್ಞಾನ ಇನ್ನೂ ಬಂದಿಲ್ಲ. ಪ್ರತಿ ಬಟ್ಟಲ ಮೇಲೂ ಮಣ್ಣು ತೆಗೆದ ಜಾಗ ಮತ್ತು ಆಳ ಬರೆದಿಡಿ. ಕೆಂಪು ಹೆಮಟೈಟ್‌ನದು, ಹಳದಿಗಂದು ಗೋಥೈಟ್‌ನದು. ಎರಡೂ ಕಬ್ಬಿಣದ ಖನಿಜಗಳೇ. ನೀರು ನಿಂತು ಆಮ್ಲಜನಕ ಸಿಗದ ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ಹಳದಿ ಮಣ್ಣನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಗೋಥೈಟ್ ನೀರು ಕಳೆದುಕೊಂಡು ಹೆಮಟೈಟ್ ಆಗುತ್ತದೆ. ಕಾಯಿಸುವ ಕೆಲಸ ನೀವೇ ಮಾಡಿ, ಕಾಯಿಸಿದ್ದನ್ನೂ ಕಾಯಿಸದ್ದನ್ನೂ ಜನರೇ ಪಕ್ಕಪಕ್ಕ ಬಳಿಯಲಿ. ಬಣ್ಣ ಎಲ್ಲಿಂದ ಬಂತೆಂದು ಅವರಾಗಿಯೇ ಕೇಳುತ್ತಾರೆ. ಕಪ್ಪು ಮಣ್ಣೆಂದರೆ ಸಾವಯವ ಅಂಶ ತುಂಬಿದ ಮಣ್ಣು ಎಂದು ಮಾತ್ರ ಬರೆಯಬೇಡಿ. ಬೇಸಿಗೆಯಲ್ಲಿ ಬಾಯಿಬಿಡುವ ಎರೆಮಣ್ಣು ಅಚ್ಚ ಕಪ್ಪಗಿದ್ದೂ ಎಷ್ಟೋ ಕಡೆ ಅದರ ಸಾವಯವ ಇಂಗಾಲ ಶೇ. 1ಕ್ಕಿಂತ ಕಡಿಮೆ.

ನೀರೆರೆದರೆ ಬೆಳಗುವ ಮಣ್ಣಿನ ಪೆಟ್ಟಿಗೆ ಮಾಡಿದ್ದೇವೆ. ಎರಡು ಕಡ್ಡಿಯ ತೇವಾಂಶ ಸಂವೇದಕ ಕೆಲವೇ ದಿನಗಳಲ್ಲಿ ತಪ್ಪು ಅಂಕಿ ತೋರಿಸತೊಡಗಿತು.
– ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡ

ಆ ಕಡ್ಡಿಗಳ ನಡುವೆ ಸದಾ ವಿದ್ಯುತ್ ಹರಿದರೆ ವಿದ್ಯುದ್ವಿಭಜನೆಯಿಂದ ಲೋಹ ಸವೆಯುತ್ತದೆ. ಜೊತೆಗೆ, ಅದು ಅಳೆಯುವುದು ರೋಧವನ್ನು. ಉಪ್ಪಿನಂಶ ಹೆಚ್ಚಿದರೂ ತೇವ ಹೆಚ್ಚಿತೆಂದೇ ತೋರಿಸುತ್ತದೆ. ಲೋಹ ಮಣ್ಣಿಗೆ ತಾಗದಂತೆ, ವಿದ್ಯುತ್ ಧಾರಕತೆಯ ಬದಲಾವಣೆಯಿಂದ ತೇವ ಅಳೆಯುವ ಕೆಪಾಸಿಟಿವ್ ಸಂವೇದಕಕ್ಕೆ ಬದಲಾಯಿಸಿ. ಅದರ ಹಲಗೆಯ ಕತ್ತರಿಸಿದ ಅಂಚುಗಳಿಂದ ನೀರು ಒಳಸೇರುತ್ತದೆ, ಆದ್ದರಿಂದ ಅಂಚಿಗೆ ಎರಡು ಸಲ ವಾರ್ನಿಷ್ ಬಳಿಯಿರಿ. ಒಂದೇ ಓದನ್ನು ನಂಬದೆ ಹತ್ತರ ಸರಾಸರಿ ತೆಗೆದುಕೊಳ್ಳಿ, ದೀಪ ಮಿಣುಕುವುದು ನಿಲ್ಲುತ್ತದೆ. ಶೇಕಡಾವಾರು ತೇವಾಂಶ ಎಂದು ಫಲಕದಲ್ಲಿ ಬರೆಯುವುದಾದರೆ ಅದೇ ಮಣ್ಣಿನ ಮಾದರಿಯನ್ನು ತೂಗಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ, ಮತ್ತೆ ತೂಗಿ ಹೊಂದಿಸಲೇಬೇಕು.

ಆದರೆ ನಿಮ್ಮ ಪೆಟ್ಟಿಗೆಯಲ್ಲಿ ನಮಗೆ ಕಂಡ ದೊಡ್ಡ ಕೊರತೆ ಬೇರೆಯೇ. ನೀರೆರೆದರೆ ಬೆಳಕು ಎಂಬುದಷ್ಟೇ ಆದರೆ ಮಣ್ಣಿನ ಬದಲು ಸ್ಪಂಜು ಇಟ್ಟರೂ ನಡೆಯುತ್ತದೆ. ಎರಡು ಪೆಟ್ಟಿಗೆ ಮಾಡಿ; 20 ಸೆಂ.ಮೀ. ಚೌಕ, 15 ಸೆಂ.ಮೀ. ಆಳ. ಒಂದರಲ್ಲಿ ಒಣ ಮರಳು ಮಣ್ಣು, ಇನ್ನೊಂದರಲ್ಲಿ ಒಣ ಜೇಡಿಮಣ್ಣು. ಸಂವೇದಕವನ್ನು ಎರಡರಲ್ಲೂ 3 ಸೆಂ.ಮೀ. ಆಳದಲ್ಲಿ ಅಡ್ಡಲಾಗಿ, ಅಂಚು ಮೇಲಾಗಿ ಹೂಳಿ. ಬಂದವರಿಗೆ 200 ಮಿ.ಲೀ. ನೀರಿನ ಲೋಟ ಕೊಡಿ. ಈ ಅಳತೆಯ ಪೆಟ್ಟಿಗೆಗೆ ಅದು ಸರಿಯಾಗಿ 5 ಮಿ.ಮೀ. ಮಳೆ. ಮರಳಿನಲ್ಲಿ ಅಷ್ಟು ನೀರು ಸಂವೇದಕವನ್ನು ದಾಟಿ ಇಳಿಯುತ್ತದೆ, ಬೆಳಕು ಬೇಗ ಹತ್ತುತ್ತದೆ. ಜೇಡಿಯಲ್ಲಿ ಮೇಲಿನ ಪದರವೇ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯವರೋ ಮೂರನೆಯವರೋ ಎರೆದ ಮೇಲೆ, ಅದೂ ತಡವಾಗಿ, ಬೆಳಕು ಬರುತ್ತದೆ. ಈ ತಡವೇ ನೀವು ತೋರಿಸಬೇಕಾದ ಸಂಗತಿ, ಆದ್ದರಿಂದ ಪ್ರೋಗ್ರಾಮ್‌ನಲ್ಲಿ ಅದನ್ನು ಸರಿಪಡಿಸಲು ಹೋಗಬೇಡಿ. ಕಾಯುವವರಿಗೆ ಬೇಸರವಾಗದಂತೆ ಪೆಟ್ಟಿಗೆಯ ಮುಂಬದಿಗೆ ಪಾರದರ್ಶಕ ಅಕ್ರಿಲಿಕ್ ಹಾಕಿ, ತೇವದ ಗೆರೆ ಇಳಿಯುವುದು ಕಾಣಲಿ. ಜೇಡಿಯನ್ನು 2 ಮಿ.ಮೀ.ಗೆ ಜರಡಿ ಹಿಡಿದು ಸಮನಾಗಿ ತುಂಬಿ. ಬಿರುಕಿದ್ದರೆ ನೀರು ಅಲ್ಲಿಂದ ನೇರ ಇಳಿದು ಫಲಿತಾಂಶ ತಿರುಗುಮುರುಗಾಗುತ್ತದೆ. ತಳದಲ್ಲಿ ತೂತು, ಕೆಳಗೆ ತಟ್ಟೆ, ಬದಲಾಯಿಸಲು ಒಣಮಣ್ಣಿನ ಪೆಟ್ಟಿಗೆಗಳು ಸಾಕಷ್ಟಿರಲಿ.

ವೃತ್ತಾಕಾರದ ಮಣ್ಣಿನ ಕ್ರೊಮ್ಯಾಟೋಗ್ರಾಮ್‌ಗಳು (ಮಣ್ಣಿನ ದ್ರಾವಣ ಕಾಗದದ ಮೇಲೆ ಹರಡಿ ಮೂಡಿಸುವ ಉಂಗುರಚಿತ್ರಗಳು) ತುಂಬ ಸುಂದರ. ಇದು ಆರೋಗ್ಯವಂತ ಮಣ್ಣು, ಇದು ಸತ್ತ ಮಣ್ಣು ಎಂದು ಚೀಟಿ ಹಚ್ಚಿ ಪ್ರದರ್ಶಿಸಬಹುದೇ?
– ಸಾವಯವ ಕೃಷಿಕರ ಗುಂಪು

ಪ್ರದರ್ಶಿಸಿ, ಆ ಚೀಟಿ ಬೇಡ. 5 ಗ್ರಾಂ ಮಣ್ಣನ್ನು ಶೇ. 1ರ 50 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕದಡಿ, ಶೇ. 0.5ರ ಸಿಲ್ವರ್ ನೈಟ್ರೇಟ್ ಹೀರಿದ ಕಾಗದದ ಮೇಲೆ ಹರಿಸಿದಾಗ ಮೂಡುವ ಉಂಗುರಗಳು ಆ ದ್ರಾವಣದಲ್ಲಿ ಕರಗಿ ಬಂದ ವಸ್ತುಗಳನ್ನು ಅವಲಂಬಿಸಿರುತ್ತವೆ. ಕಾಗದದ ತೇವ, ಕೋಣೆಯ ಉಷ್ಣತೆ, ಬೆಳಕು ಬದಲಾದರೂ ಚಿತ್ರ ಬದಲಾಗುತ್ತದೆ. ಅದನ್ನೇ ಪರೀಕ್ಷಾ ವರದಿಯೆಂದು ಕೊಟ್ಟರೆ ರೈತರು ಅದರ ಮೇಲೆ ಗೊಬ್ಬರದ ತೀರ್ಮಾನ ಮಾಡುತ್ತಾರೆ, ನಷ್ಟ ಅವರದು. ಚಿತ್ರದ ಪಕ್ಕದಲ್ಲಿ ಅದೇ ಮಣ್ಣಿನ ಸಾವಯವ ಇಂಗಾಲ ಮತ್ತು ಪಿಎಚ್ ಅಳತೆ ಹಾಕಿ, ಯಾವ ಚಿತ್ರ ಯಾವ ಅಳತೆಯದೆಂದು ಜನ ಹೊಂದಿಸಿ ನೋಡಲಿ. ಸಿಲ್ವರ್ ನೈಟ್ರೇಟ್ ಚರ್ಮವನ್ನು ಕಪ್ಪಾಗಿಸುತ್ತದೆ, ಹೈಡ್ರಾಕ್ಸೈಡ್ ಕಣ್ಣು ಕೆಡಿಸುತ್ತದೆ. ಇವೆರಡನ್ನೂ ಸಾರ್ವಜನಿಕರ ಕೈಗೆ ಕೊಡಬೇಡಿ, ಮಿಕ್ಕಿದ್ದನ್ನು ಚರಂಡಿಗೆ ಸುರಿಯಬೇಡಿ.

ಜನರಿಗೆ ನಿಜಕ್ಕೂ ಏನಾದರೂ ತಿಳಿಯಿತೇ ಎಂದು ಅಳೆಯುವುದು ಹೇಗೆ?
– ವಸ್ತುಸಂಗ್ರಹಾಲಯದ ಸಿಬ್ಬಂದಿ

ಚೆನ್ನಾಗಿತ್ತೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದರ ಬದಲು ಕೈ ಹಾಕುವ ಮೊದಲೇ ಊಹಿಸಲು ಹೇಳಿ: ಯಾವ ಹೆಂಟೆ ಮೊದಲು ಕರಗುತ್ತದೆ? ಉತ್ತರಕ್ಕೆ ತಕ್ಕಂತೆ ಎರಡು ಪಾರದರ್ಶಕ ಕೊಳವೆಗಳಲ್ಲೊಂದಕ್ಕೆ ಮಣ್ಣಿನ ಗೋಲಿ ಹಾಕಲಿ. ಹೊರಗೆ ಹೋಗುವ ದಾರಿಯಲ್ಲಿ ಅವರು ನೋಡಿರದ ಮೂರನೆಯ ಮಣ್ಣನ್ನಿಟ್ಟು ಅದೇ ಪ್ರಶ್ನೆ ಕೇಳಿ, ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿಸಿಕೊಳ್ಳಿ. ಮೊದಲ ಜೋಡಿಯನ್ನೇ ಮತ್ತೆ ಕೇಳಿದರೆ ನೆನಪಷ್ಟೇ ತಿಳಿಯುತ್ತದೆ. ಗೋಲಿಗಳನ್ನು ದಿನದ ಕೊನೆಗೆ ಎಣಿಸಿ, ಮುಂದೆ ಬರುವವರು ಮೊದಲಿನವರ ಉತ್ತರ ನೋಡಿ ಅನುಕರಿಸದಂತೆ ಊಹೆಯ ಕೊಳವೆಗಳಿಗೆ ಮಾತ್ರ ಬಟ್ಟೆ ಸುತ್ತಿಡಿ.