ಮ್ಯಾನ್ಮಾರ್‌ಗೆ ಐನೂರು, ಮಾನ್ವಿಗೆ ಎಷ್ಟು?

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಮುಖ್ಯ ಭಾಗ ಇದು:

“ಮ್ಯಾನ್ಮಾರ್ ಭೂಕಂಪದ ಸಂತ್ರಸ್ತರಿಗೆ ಹಣ ಕಳಿಸಿದ ಓದುಗರನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಒಬ್ಬರು ಐನೂರು, ಒಬ್ಬರು ಐದು ಸಾವಿರ. ಮಧ್ಯಾಹ್ನದ ಊಟಕ್ಕಾಗಿಯೇ ಶಾಲೆಗೆ ಬರುವ ನಮ್ಮ ಕಡೆಯ ಮಕ್ಕಳು ನಿಮ್ಮ ಕಣ್ಣಿಗೆ ಬಿದ್ದಿಲ್ಲವೆ? ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇದಕ್ಕೇ. ಹೊರದೇಶಕ್ಕೆ ಕೊಡಿ ಎನ್ನುವುದನ್ನು ನಿಲ್ಲಿಸಿ. ಇಲ್ಲಿನ ಬಡ ಮಕ್ಕಳಿಗಾಗಿ ಪತ್ರಿಕೆಯೇ ಒಂದು ನಿಧಿ ಶುರು ಮಾಡಲಿ.”

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಮ್ಮ ಮಕ್ಕಳ ಸ್ಥಿತಿ ಕೆಟ್ಟಿದೆ ಅಂದಿರಿ, ಒಪ್ಪಿದೆ. ಅದಕ್ಕೆ ಮ್ಯಾನ್ಮಾರ್‌ಗೆ ಹೋದ ಹಣ ಅಡ್ಡ ಬಂತು ಅಂದಿರಿ ನೋಡಿ, ಅಲ್ಲಿ ನನ್ನ ತಕರಾರಿದೆ.

ಒಪ್ಪಿದ್ದನ್ನು ಮೊದಲು ಹೇಳುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಮೂವರಲ್ಲಿ ಒಂದು ಮಗುವಿಗೂ ಹೆಚ್ಚು. ರಕ್ತಹೀನತೆಯಿರುವ ಮಕ್ಕಳ ಪ್ರಮಾಣ ಹಿಂದಿನ ಸಮೀಕ್ಷೆಯಲ್ಲಿ ಶೇ 60.9 ಇದ್ದದ್ದು 65.5ಕ್ಕೆ ಏರಿತು. ಇದು ಇಡೀ ರಾಜ್ಯದ ಸರಾಸರಿ. ನಿಮ್ಮ ಭಾಗದ ಲೆಕ್ಕ ಬೇರೆಯಾಗಿ ತೆಗೆದರೆ ಹೇಗಿರುತ್ತದೆ ಎಂದು ನಾನು ನಿಮಗೆ ಹೇಳಬೇಕಿಲ್ಲ. ಟಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಬಾಗಿಲು ತೆರೆದದ್ದು 1975ರಲ್ಲಿ. ಅರ್ಧ ಶತಮಾನ ಕಳೆದ ಮೇಲೂ ಈ ಅಂಕಿಗಳನ್ನು ಬರೆಯಬೇಕಾಗಿದೆ.

ಈಗ ತಕರಾರು. ಹೊರಗೆ ಕೊಡುವುದನ್ನು ನಿಲ್ಲಿಸಿದರೆ ಆ ಹಣ ಮನೆಯ ಮಕ್ಕಳ ತಟ್ಟೆಗೆ ಬರುತ್ತದೆಯೆ? ಈ ಪ್ರಯೋಗವನ್ನು ನಾವೇ ಮಾಡಿ ನೋಡಬೇಕಾಗಿಲ್ಲ, 2025ರಲ್ಲಿ ಎರಡು ಶ್ರೀಮಂತ ದೇಶಗಳು ಮಾಡಿ ತೋರಿಸಿವೆ. ಅಮೆರಿಕ ‘ಮೊದಲು ನಾವು’ ಎಂದು ತನ್ನ ಹೊರದೇಶಗಳ ನೆರವಿನ ಸಂಸ್ಥೆ ಯುಎಸ್‌ಏಡ್ ಅನ್ನು ವರ್ಷದ ಆರಂಭದಿಂದಲೇ ಕಳಚತೊಡಗಿತು. ಮಾರ್ಚ್ 28ರಂದು ಮ್ಯಾನ್ಮಾರ್‌ನ ಸಗಾಯಿಂಗ್, ಮಂಡಾಲೆಗಳನ್ನು 7.7 ತೀವ್ರತೆಯ ಭೂಕಂಪ ಕೆಡವಿದಾಗ ಆ ಸಂಸ್ಥೆಯಿಂದ ಹೋದದ್ದು ಮೂವರ ಪರಿಶೀಲನಾ ತಂಡ. ಅವರಿಗೂ ಅಲ್ಲಿರುವಾಗಲೇ ಕೆಲಸದಿಂದ ತೆಗೆದಿದ್ದೇವೆಂಬ ಸಂದೇಶ ಬಂತು. ಜುಲೈ 1ಕ್ಕೆ ಸಂಸ್ಥೆ ಮುಚ್ಚಿತು. ಉಳಿದ ದುಡ್ಡು ಅಮೆರಿಕದ ಬಡ ಮಕ್ಕಳಿಗೆ ಹೋಯಿತೆ? ಮೂರೇ ದಿನಕ್ಕೆ, ಜುಲೈ 4ರಂದು ಸಹಿಯಾದ ಕಾನೂನು ಅಲ್ಲಿನ ಬಡವರ ಆಹಾರ ನೆರವಿಗೂ ಕತ್ತರಿ ಹಾಕಿತು. ಬ್ರಿಟನ್ ತನ್ನ ವಿದೇಶಿ ನೆರವನ್ನು ರಾಷ್ಟ್ರೀಯ ಆದಾಯದ ಶೇ 0.5ರಿಂದ 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಘೋಷಿಸಿತು. ಉಳಿಯುವ ಹಣ ರಕ್ಷಣಾ ವೆಚ್ಚಕ್ಕೆ. ಹೊರಗಿನವರಿಗೆ ಕೈ ಬಿಗಿ ಹಿಡಿದವರು ಮನೆಯಲ್ಲಿ ಧಾರಾಳಿಗಳಾಗುತ್ತಾರೆಂಬುದಕ್ಕೆ ನನಗಂತೂ ಉದಾಹರಣೆ ಕಾಣುತ್ತಿಲ್ಲ.

ನಿಮ್ಮ ವಯಸ್ಸಿನವರಿಗೆ ಇನ್ನೊಂದು ನೆನಪಿರಬೇಕು. 1960–70ರ ದಶಕಗಳಲ್ಲಿ ನಮ್ಮ ಸರ್ಕಾರಿ ಶಾಲೆಗಳ ಮಕ್ಕಳು ಸಾಲಾಗಿ ಕೂತು ತಿಂದ ಉಪ್ಪಿಟ್ಟು, ಹಾಲಿನ ಪುಡಿ ಕದಡಿದ ಆ ಬಿಸಿ ಹಾಲು. ‘ಕೇರ್’ ಸಂಸ್ಥೆಯ ಮೂಲಕ ಅಮೆರಿಕದಿಂದ ಬಂದದ್ದು. ಅದರ ಹಿಂದೆ ಅವರ ಮಿಗುತಾಯ ಗೋಧಿಯ ಲೆಕ್ಕಾಚಾರವೂ ಇತ್ತು, ರಷ್ಯಾದ ಜೊತೆಗಿನ ಜಿದ್ದೂ ಇತ್ತು. ದಾನವೆಲ್ಲ ಶುದ್ಧ ಕರುಣೆಯೆಂದು ನಂಬುವ ವಯಸ್ಸು ನಮ್ಮಿಬ್ಬರದೂ ಅಲ್ಲ. ಆದರೆ ಅವರದೇ ಮಿಸಿಸಿಪ್ಪಿ ರಾಜ್ಯದಲ್ಲಿ ಹಸಿದ ಮಕ್ಕಳಿದ್ದಾಗಲೇ ಆ ಮೂಟೆಗಳು ಇಲ್ಲಿಗೆ ಬಂದವು. ಅಷ್ಟು ದೂರವೇಕೆ, 2021ರ ಮೇ ತಿಂಗಳಲ್ಲಿ ಆಕ್ಸಿಜನ್ ಇಲ್ಲದೆ ನಮ್ಮ ಜನ ಆಸ್ಪತ್ರೆಯ ಬಾಗಿಲಲ್ಲಿ ಸಾಯುತ್ತಿದ್ದಾಗ ಕೀನ್ಯಾ 12 ಟನ್ ಚಹಾ, ಕಾಫಿ, ಕಡಲೆಕಾಯಿ ಕಳಿಸಿತು. ಕಡಲೆಕಾಯಿ ಯಾಕೆ ಎಂದು ನಮ್ಮವರೇ ಕೆಲವರು ನಕ್ಕರು. ಕೀನ್ಯಾದಲ್ಲಿ ಆಗ ಬಡ ಮಕ್ಕಳಿರಲಿಲ್ಲವೆ?

ನೀವು ಸಿಟ್ಟಿನಲ್ಲಿ ಹೇಳಿದ್ದರಲ್ಲೂ ಹುರುಳಿಲ್ಲದೆ ಇಲ್ಲ. ಟಿ.ವಿ. ತೋರಿಸಿದ ಕಡೆಗೆ ನಮ್ಮ ಕರುಣೆ ಹರಿಯುತ್ತದೆ. ತೋರಿಸುವುದು ನಿಂತ ದಿನ ಅದೂ ನಿಲ್ಲುತ್ತದೆ. 2004ರ ಸುನಾಮಿಯಲ್ಲಿ ಹಣ ಎಷ್ಟು ಬಂತೆಂದರೆ, ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಕೆಲವೇ ದಿನಗಳಲ್ಲಿ “ಸುನಾಮಿಗೆ ಸಾಕು, ಇನ್ನು ಬೇರೆ ಕಡೆ ಕೊಡಿ” ಎಂದು ದಾನಿಗಳಿಗೆ ಹೇಳಬೇಕಾಯಿತು. ನಾಗಪಟ್ಟಣದಲ್ಲಿ ಹಳೆ ಬಟ್ಟೆಗಳ ರಾಶಿ ರಸ್ತೆ ಬದಿಯಲ್ಲಿ ಬಿದ್ದು ಕೊಳೆಯಿತು. ಮನೆ ಖಾಲಿ ಮಾಡುವುದನ್ನು ದಾನವೆಂದುಕೊಂಡವರು ಕಳಿಸಿದ್ದು ಅದು. ಮ್ಯಾನ್ಮಾರ್‌ನದು ಇನ್ನೂ ಕಷ್ಟದ ಕಥೆ. 2021ರ ಫೆಬ್ರುವರಿಯಲ್ಲಿ ಚುನಾಯಿತ ಸರ್ಕಾರವನ್ನು ಕಿತ್ತೊಗೆದ ಸೇನೆ, ಭೂಕಂಪದ ನಂತರವೂ ತನ್ನದೇ ಜನರ ಮೇಲೆ ಬಾಂಬ್ ಹಾಕುವುದನ್ನು ನಿಲ್ಲಿಸಲಿಲ್ಲ. ಕೊಟ್ಟ ಹಣ ಎಲ್ಲಿ ಹೋಗುತ್ತದೆಂದು ಯಾರಾದರೂ ಅನುಮಾನಪಟ್ಟರೆ ಅದು ನ್ಯಾಯವಾದದ್ದೇ. ಕೊಡುವವರು ಅಲ್ಲಿ ಮೊದಲಿನಿಂದ ಕೆಲಸ ಮಾಡುತ್ತಿರುವ ಸಂಸ್ಥೆಗಳಿಗೇ ಕೊಡಲಿ. ಹಣವನ್ನೇ ಕೊಡಲಿ, ವಸ್ತು ಬೇಡ.

ಆದರೆ ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಬೇರೆಯೇ. ಮ್ಯಾನ್ಮಾರ್‌ನ ಸಂತ್ರಸ್ತರನ್ನು ಪಕ್ಕಕ್ಕೆ ಸರಿಸಿ ಅದೇ ಜಾಗದಲ್ಲಿ ಮಾನ್ವಿಯ ಮಗುವನ್ನು ಕೈಯೊಡ್ಡಿ ನಿಲ್ಲಿಸುತ್ತಿದ್ದೀರಿ. ಸಗಾಯಿಂಗ್‌ನಲ್ಲಿ ಮನೆ ಕುಸಿದ ತಾಯಿಗೆ ಬೆಂಗಳೂರಿನ ಓದುಗನ ಮೇಲೆ ಯಾವ ಅಧಿಕಾರವೂ ಇಲ್ಲ. ಅವನ ಶಾಸಕನನ್ನು ಆಕೆ ಕೇಳಲಾರಳು, ಅವನ ತೆರಿಗೆಯಲ್ಲಿ ಆಕೆಗೆ ಪಾಲಿಲ್ಲ. ಅವನಾಗಿ ಕೊಟ್ಟರೆ ಉಂಟು. ಮಾನ್ವಿಯ ಮಗುವಿನದು ಹಾಗಲ್ಲ. ಶಾಲೆಯಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. 2009ರಲ್ಲಿ ಶಿಕ್ಷಣ ಹಕ್ಕಿನ ಕಾಯ್ದೆ ಬಂತು, 2013ರಲ್ಲಿ ಆಹಾರ ಭದ್ರತಾ ಕಾಯ್ದೆ. ಆ ಮಗುವಿಗೆ ಸಲ್ಲಬೇಕಾದದ್ದು ಸಂದಿಲ್ಲದಿದ್ದರೆ ಯಾರೋ ಬಾಕಿ ಉಳಿಸಿಕೊಂಡಿದ್ದಾರೆ ಎಂದರ್ಥ. ಬಾಕಿ ಇರುವಲ್ಲಿ ಚಂದಾ ಎತ್ತಿದರೆ ಬಾಕಿದಾರ ನಿರಾಳವಾಗುತ್ತಾನೆ.

ಮೊಟ್ಟೆಯ ವಿಷಯವನ್ನೇ ನೋಡಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡವೆಂದರೆ ನಿಮ್ಮ ಮಠಕ್ಕೇ ಬಂದು ಮೊಟ್ಟೆ ತಿನ್ನುತ್ತೇವೆ ಎಂದು ಕೊಪ್ಪಳ ಜಿಲ್ಲೆಯ ಶಾಲಾ ಹುಡುಗಿಯರು ಮೈಕ್ ಹಿಡಿದು ಹೇಳಿದ್ದನ್ನು ನೀವೂ ಮೊಬೈಲ್‌ನಲ್ಲಿ ನೋಡಿರುತ್ತೀರಿ. ಯಾವ ದಾನ ಪಡೆದವರೂ ಆ ಗತ್ತಿನಲ್ಲಿ ಮಾತಾಡುವುದಿಲ್ಲ. ತಮ್ಮದು ಎಂದು ಗೊತ್ತಿದ್ದವರು ಮಾತ್ರ ಮಾತಾಡುತ್ತಾರೆ. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. ಈಗ ವಾರಕ್ಕೆ ಆರು ದಿನ ಮೊಟ್ಟೆ. ಅದರಲ್ಲಿ ಎರಡು ದಿನದ್ದು ಸರ್ಕಾರದ್ದು, ಉಳಿದ ನಾಲ್ಕು ದಿನದ್ದು 2024ರಲ್ಲಿ ಆದ ಒಪ್ಪಂದದಂತೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು, ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ದೊಡ್ಡ ಮನಸ್ಸು, ಎರಡು ಮಾತಿಲ್ಲ. ಆದರೆ ನಾಲ್ಕನೇ ವರ್ಷ? ಆ ನಾಲ್ಕು ದಿನಗಳನ್ನು ಸರ್ಕಾರ ತನ್ನ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆಯೇ ಎಂದು ಯಾವ ಪತ್ರಿಕೆಯೂ ಗಟ್ಟಿಯಾಗಿ ಕೇಳುತ್ತಿಲ್ಲ, ನಮ್ಮದೂ ಸೇರಿ. ಇನ್ನು ದರ. ಮೊಟ್ಟೆಯೊಂದಕ್ಕೆ ಗೊತ್ತುಮಾಡಿದ 6 ರೂಪಾಯಿಯಲ್ಲೇ ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲ ಆಗಬೇಕಿತ್ತು. ಪೇಟೆಯಲ್ಲಿ ಬೆಲೆ ಏರಿದಾಗ ಮುಖ್ಯೋಪಾಧ್ಯಾಯರು ಜೇಬಿನಿಂದ ಹಾಕಿದರು. ನೀವು ಆ ಕುರ್ಚಿಯಲ್ಲಿ ಕೂತಿದ್ದವರು, ನಿಮಗೆ ಇದು ಹೊಸದೇನಲ್ಲ.

ಇತ್ತ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಿಮ್ಮ ಭಾಗಕ್ಕೆಂದೇ ಒಂದು ಅಭಿವೃದ್ಧಿ ಮಂಡಳಿಯಿದೆ. ಅದಕ್ಕೆ ವರ್ಷಕ್ಕೆ 5,000 ಕೋಟಿ ರೂಪಾಯಿ ಎಂದು ಬಜೆಟ್‌ನಲ್ಲೇ ಹೇಳಿದ್ದಾರೆ. ಹಣ ಹೊತ್ತಿಗೆ ಸರಿಯಾಗಿ ಖರ್ಚಾಗುವುದಿಲ್ಲ ಎಂಬುದು ಅಲ್ಲಿನ ಜನಪ್ರತಿನಿಧಿಗಳದೇ ಹಳೆಯ ದೂರು. ಅಷ್ಟು ದೊಡ್ಡ ಹಣದ ಎದುರು ನಮ್ಮ ಓದುಗರ ಐನೂರು ರೂಪಾಯಿಯನ್ನು ತಂದು ನಿಲ್ಲಿಸಿ, ಮಕ್ಕಳ ಹಸಿವಿಗೆ ಇದೇ ಕಾರಣ ಎಂದರೆ ಹೇಗೆ?

ಆದ್ದರಿಂದ ನಿಧಿ ಶುರು ಮಾಡುವುದಿಲ್ಲ. ನಿಮ್ಮೂರ ಶಾಲೆಗೆ ಯಾರಾದರೂ ನೋಟ್‌ಬುಕ್ಕು, ಶೂ ಕೊಡಿಸಿದರೆ ಸಂತೋಷವೇ. ಅದಕ್ಕೆ ಪತ್ರಿಕೆಯ ಅಪ್ಪಣೆ ಬೇಕಿಲ್ಲ. ಹೊರದೇಶದ ವಿಪತ್ತುಗಳ ಬಗ್ಗೆ ಪ್ರಕಟಣೆ ಹಾಕುವುದನ್ನೂ ನಿಲ್ಲಿಸುವುದಿಲ್ಲ. ಬದಲಿಗೆ ಮುಂದಿನ ಸಂಚಿಕೆಯಿಂದ ಎರಡು ಪುಟ ಬಿಸಿಯೂಟಕ್ಕೆ ಮತ್ತು ಅಂಗನವಾಡಿಗೆ ಮೀಸಲಿಡುತ್ತೇವೆ, ಅವನ್ನು ಓದುಗರೇ ಬರೆಯಬೇಕು. ಮೊದಲ ವರದಿ ನಿಮ್ಮಿಂದ ಬರಲಿ. ನಿಮ್ಮ ಸುತ್ತಲಿನ ನಾಲ್ಕಾರು ಶಾಲೆಗಳಿಗೆ ಊಟದ ಹೊತ್ತಿಗೆ ಹೋಗಿ ಬನ್ನಿ. ಹಾಜರಿ ಪುಸ್ತಕದಲ್ಲಿ ಎಷ್ಟು ಮಕ್ಕಳು, ಪಂಕ್ತಿಯಲ್ಲಿ ಎಷ್ಟು ಮಕ್ಕಳು. ಬೇಳೆ ಎಷ್ಟು ತೆಳು. ಮೊಟ್ಟೆ ಹೇಳಿದ ದಿನಗಳಲ್ಲಿ ಬಂತೇ. ಅಡುಗೆಯವರಿಗೆ ಸಂಭಾವನೆ ಕೊನೆಯದಾಗಿ ಬಂದದ್ದು ಯಾವಾಗ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆ ನಿಜವಾಗಿ ಸೇರಿತೇ ಅಥವಾ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂತೇ. ಪಂಚಾಯಿತಿಯ ಮಕ್ಕಳ ಗ್ರಾಮಸಭೆ ನಡೆದಿದ್ದರೆ ಅಲ್ಲಿ ಮಕ್ಕಳು ಏನು ಕೇಳಿದರು, ಪಿಡಿಒ ಏನು ಬರೆದುಕೊಂಡರು. ಶಾಲೆಯ ಹೆಸರು ಹಾಕುವ ಮೊದಲು ಮುಖ್ಯೋಪಾಧ್ಯಾಯರ ಮಾತನ್ನೂ ಕೇಳಿ ಬರೆಯಿರಿ. ತಪ್ಪು ಅವರದಲ್ಲದಿರುವುದೇ ಹೆಚ್ಚು. ಬರಹ ತಿಂಗಳ 20ರೊಳಗೆ ಕೈಸೇರಿದರೆ ಮುಂದಿನ ಸಂಚಿಕೆಗೆ ಹಿಡಿಯುತ್ತದೆ. ಅಚ್ಚಾದ ಪ್ರತಿಯನ್ನು ನಿಮ್ಮ ಕ್ಷೇತ್ರದ ಶಾಸಕರಿಗೂ ಜಿಲ್ಲಾ ಪಂಚಾಯಿತಿ ಸಿಇಒಗೂ ನಾವೇ ಕಳಿಸುತ್ತೇವೆ, ಅವರ ಉತ್ತರ ಬಂದರೆ ಅದನ್ನೂ ಬಾರದಿದ್ದರೆ ಬರಲಿಲ್ಲವೆಂಬುದನ್ನೂ ಅದೇ ಪುಟದಲ್ಲಿ ಹಾಕುತ್ತೇವೆ.

— ಸಂ.